ಮರುಭೂಮಿಯಲ್ಲಿ ಕುರಿ ಕೂಗಿತು, ಹೋಗಿ ನೋಡಿದರೆ ಅಂಗೈಯಷ್ಟೂ ಇಲ್ಲ!

ಬಿಸಿಲುನಡಿಗೆ | ಜುಲೈ 14, ರಾತ್ರಿ 11:40

ಶೂ ಬಿಚ್ಚುವ ಮೊದಲೇ ಬರೆಯಲು ಕೂತಿದ್ದೇನೆ. ಅಕ್ಕ ಪಕ್ಕದ ಕೋಣೆಯಲ್ಲಿ ಇನ್ನೂ ನಗುತ್ತಿದ್ದಾಳೆ.

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನ ಪಶ್ಚಿಮಕ್ಕೆ ಗುಡ್ಡಗಳಿವೆಯಲ್ಲ, ಇವತ್ತು ಸಂಜೆ ನಾವಿಬ್ಬರೂ ಆ ಕಡೆ ನಡೆಯಲು ಹೋಗಿದ್ದೆವು. ಅಕ್ಕ ಸೊನೋರಾ ಮರುಭೂಮಿ ನೋಡುತ್ತಿರುವುದು ಇದೇ ಮೊದಲು. ಮರುಭೂಮಿ ಅಂದರೆ ಬರೀ ಮರಳು ಅಂದುಕೊಂಡು ಬಂದವಳು. ಮನೆಗಿಂತ ಎತ್ತರದ ಸವಾರೋ ಕಳ್ಳಿಗಳನ್ನು ನೋಡಿ, "ಇದು ಮುಳ್ಳಿನ ಕಾಡು ಕಣೋ" ಅಂದಳು.

ಮಧ್ಯಾಹ್ನ ಮೂರು ಗಂಟೆಗೆ ಗುಡುಗು ಶುರುವಾಯಿತು. ಮುಕ್ಕಾಲು ಗಂಟೆ ಅಷ್ಟೇ, ಆದರೆ ಕೊಡ ಬಗ್ಗಿಸಿದ ಹಾಗೆ ಮಳೆ ಸುರಿಯಿತು. ಏಳು ಗಂಟೆಗೆ ನಾವು ಹೊರಟಾಗ ಆಕಾಶ ತೊಳೆದಿಟ್ಟ ಹಾಗಿತ್ತು. ನೆಂದ ಕ್ರಿಯೋಸೋಟ್ ಪೊದೆಗಳ ವಾಸನೆ ಎಲ್ಲೆಲ್ಲೂ. ಈ ಮರುಭೂಮಿಯಲ್ಲಿ ಮಳೆಯ ವಾಸನೆ ಅಂದರೆ ಅದೇ. ಒಂದು ಸಲ ಮೂಗಿಗೆ ಬಡಿದರೆ ಮರೆಯಲು ಆಗುವುದಿಲ್ಲ.

ಕತ್ತಲು ಕವಿಯುವ ಹೊತ್ತಿಗೆ, ದೂರದಲ್ಲಿ ಎಲ್ಲೋ: ಬ್ಯಾಆಆಆ.

ಅಕ್ಕ ಗಕ್ಕನೆ ನಿಂತಳು. "ಲೋ, ಕುರಿಮರಿ ಕಣೋ."

"ಇಲ್ಲಿ ಯಾರೂ ಕುರಿ ಮೇಯಿಸಲ್ಲ ಅಕ್ಕ."

"ಮತ್ತೆ ಕೂಗಿದ್ದು ಯಾರು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಬಂತು. ಬ್ಯಾಆಆಆ. ಈ ಸಲ ಎರಡು. ಆಮೇಲೆ ನಾಲ್ಕೈದು. ಒಂದು ಸಣ್ಣ ಮಂದೆಯೇ ನೀರಿನಲ್ಲಿ ಸಿಕ್ಕಿಹಾಕಿಕೊಂಡು ಅಳುತ್ತಿರುವ ಹಾಗೆ. ನಿಜ ಹೇಳುತ್ತೇನೆ, ನನಗೂ ಎದೆ ಹಿಂಡಿದ ಹಾಗಾಯಿತು. ಅಕ್ಕ ಆಗಲೇ ಸದ್ದು ಬಂದ ಕಡೆ ದಾಪುಗಾಲು ಹಾಕಿದ್ದಳು. ಹಳ್ಳದ ದಂಡೆ ಹಿಡಿದು ಇನ್ನೂರು ಹೆಜ್ಜೆ ಹೋಗಿರಬೇಕು. ಸದ್ದು ಜಾಸ್ತಿ ಆಗುತ್ತಾ ಹೋಯಿತು. ಟಾರ್ಚ್ ಹಾಕಿದ ತಕ್ಷಣ ಎಲ್ಲ ನಿಂತುಹೋಯಿತು. ಒಂದೂ ಇಲ್ಲ.

ಟಾರ್ಚ್ ಆರಿಸಿ ಸುಮ್ಮನೆ ನಿಂತೆವು. ಎರಡು ನಿಮಿಷ ಕಳೆದಿರಬಹುದು. ನನ್ನ ಕಾಲ ಬುಡದಲ್ಲೇ, ಅಷ್ಟು ಹತ್ತಿರದಿಂದ: ಬ್ಯಾಆಆಆ!

ಟಾರ್ಚ್ ಹಾಕಿದೆ. ಎರಡು ಮಂಚದಷ್ಟು ಅಗಲದ ಕೆಸರು ಹೊಂಡ. ಅದರಲ್ಲಿ ಕೈಕಾಲು ಚಾಚಿ ತೇಲುತ್ತಿರುವ ಒಂದು ಕಪ್ಪೆ. ಹಸಿರು ಬೆರೆತ ಹಳದಿ ಬಣ್ಣ, ನುಣ್ಣನೆ ಮೈ. ಟಾರ್ಚ್ ಬೆಳಕಿಗೆ ಕಣ್ಣಿನ ಪಾಪೆ ಬೆಕ್ಕಿನದ್ದರ ಹಾಗೆ ಗೆರೆಯಾಗಿ ನಿಂತಿತ್ತು. ನಾವು ಉಸಿರು ಬಿಗಿ ಹಿಡಿದು ನೋಡುತ್ತಿದ್ದ ಹಾಗೆ ಅದರ ಗಂಟಲು ಬಲೂನಿನಂತೆ ಊದಿತು, ಮೈ ಒಂದು ಸಲ ಹಿಂದಕ್ಕೆ ಜಗ್ಗಿತು, ಮತ್ತೆ ಅದೇ ಕುರಿಯ ಕೂಗು.

ಅಕ್ಕ ಅಲ್ಲೇ ಬಂಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಲ್ವೋ, ಇದು ಇರೋದೇ ಇಷ್ಟು. ಅಷ್ಟು ದೊಡ್ಡ ಕುರಿ ಇದರ ಹೊಟ್ಟೆಯಲ್ಲಿ ಎಲ್ಲಿ ಕೂತಿತ್ತೋ!"

ಇದು ಯಾವ ಕಪ್ಪೆ? ಯಾರಿಗಾದರೂ ಗೊತ್ತಾ? ಬೆಳಗ್ಗೆ ತನಕ ಒಣಗಿ ಬಿರಿದಿದ್ದ ನೆಲ ಅದು. ಸಂಜೆಗೆ ಇಷ್ಟು ಕಪ್ಪೆ ಎಲ್ಲಿಂದ ಬಂದವು?

ಕಳ್ಳಿಹೂವು | ಜುಲೈ 14, ರಾತ್ರಿ 11:52

ಬಸ್ಸಿನಲ್ಲಿ ಕೂತು ಓದಿ ಜೋರಾಗಿ ನಕ್ಕೆ. ಪಕ್ಕದವರು ತಿರುಗಿ ನೋಡಿದರು. ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ.

ಒಣಹಳ್ಳ | ಜುಲೈ 15, ಬೆಳಿಗ್ಗೆ 5:30

ಕೌಚ್ ಸ್ಪೇಡ್‌ಫುಟ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಲಿಕೆಗಾಲಿನ ಕಪ್ಪೆ. ನೀವು ಬರೆದ ಬಣ್ಣ, ಬೆಕ್ಕಿನ ಕಣ್ಣು, ಕುರಿಯ ಕೂಗು, ಮೂರೂ ಸೇರಿದರೆ ಬೇರೆ ಹೆಸರು ಹೇಳಲು ಜಾಗವೇ ಇಲ್ಲ. ಕೂಗುವುದು ಗಂಡುಗಳು ಮಾತ್ರ. ಹೆಣ್ಣಿನ ಮೈಮೇಲೆ ಕಪ್ಪು ಬಲೆಯಂಥ ಗೆರೆಗಳು ಜಾಸ್ತಿ ಇರುತ್ತವೆ. ಹಾಗಾಗಿ ನೀವು ನೋಡಿದ್ದು ಗಂಡು.

ಎಲ್ಲಿಂದ ಬಂದವು ಅಂತ ಕೇಳಿದಿರಿ. ನಿಮ್ಮ ಕಾಲ ಕೆಳಗಿನಿಂದ. ವರ್ಷದಲ್ಲಿ ಎಂಟು ಹತ್ತು ತಿಂಗಳು ಇವು ನೆಲದೊಳಗೇ ಇರುತ್ತವೆ. ಹಿಂಗಾಲಿನಲ್ಲಿ ಕುಡುಗೋಲಿನ ಆಕಾರದ ಒಂದು ಕಪ್ಪು ಗಟ್ಟಿ ಅಂಚು ಇದೆ. ಅದರಿಂದ ಮಣ್ಣು ಕೆದರುತ್ತಾ ಹಿಮ್ಮುಖವಾಗಿ ಇಳಿಯುತ್ತವೆ. ಮುಖ ಮೇಲೆ, ಹಿಂಭಾಗ ಕೆಳಗೆ. ನೋಡಿದರೆ ಯಾರೋ ಕೆಳಗಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ.

ಇನ್ನೊಂದು ಸೊಗಸು ಇದೆ. ಇವನ್ನು ಎಬ್ಬಿಸುವುದು ನೀರಿನ ತೇವ ಅಲ್ಲ, ಸದ್ದು. ಗುಡುಗಿನದ್ದೋ, ನೆಲಕ್ಕೆ ಬಡಿಯುವ ಮಳೆಯದ್ದೋ, ಆ ನಡುಕ ಮಣ್ಣಿನೊಳಗೆ ಇಳಿದರೆ ಸಾಕು, ಎದ್ದು ಬರುತ್ತವೆ. 1980ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಣ ನೆಲಕ್ಕೆ ಮೋಟಾರಿನ ನಡುಕ ಕೊಟ್ಟು ನೋಡಿದ್ದರು. ಹನಿ ನೀರಿಲ್ಲದಿದ್ದರೂ ಕಪ್ಪೆಗಳು ಮೇಲೆ ಬಂದವು. ಅದಕ್ಕೇ ಬೇಸಿಗೆಯಲ್ಲಿ ಈ ಜಾಗಗಳ ಮೇಲೆ ಮೋಟಾರ್ ಬೈಕ್ ಓಡಿಸುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಮಳೆ ಬಂತು ಅಂದುಕೊಂಡು ಎದ್ದು ಬಂದ ಕಪ್ಪೆಗೆ ಸಿಗುವುದು ಕಾದ ನೆಲ.

ರಾತ್ರಿಟಾರ್ಚ್ | ಜುಲೈ 15, ಬೆಳಿಗ್ಗೆ 7:05

ಸ್ವಲ್ಪ ತಡೆಯಿರಿ. ಕುರಿಯ ಹಾಗೆ ಕೂಗುವ ಇನ್ನೊಂದು ಕಪ್ಪೆ ಇದೆಯಲ್ಲ, ಚೂಪು ಮೂತಿಯ ಪುಟ್ಟದ್ದು? ನ್ಯಾರೋ ಮೌತ್ ಅಂತಾರೆ. ದಕ್ಷಿಣ ಅರಿಜೋನಾದಲ್ಲಿ ಅದೂ ಸಿಗುತ್ತದೆ. ಕೂಗನ್ನು ಮಾತ್ರ ಕೇಳಿ ಹೆಸರು ಹೇಳುವುದು ಕಷ್ಟ.

ಒಣಹಳ್ಳ | ಜುಲೈ 15, ಬೆಳಿಗ್ಗೆ 7:40

ಒಳ್ಳೆ ಪ್ರಶ್ನೆ. ಆದರೆ ಅದರ ಕೂಗಿನಲ್ಲಿ ಜೇನುಹುಳದ ಝೇಂಕಾರ ಬೆರೆತಿರುತ್ತದೆ. ಮೂಗಿನಿಂದ ಗುಂಯ್ ಅಂದ ಹಾಗೆ. ಗಾತ್ರವೂ ತೀರಾ ಸಣ್ಣದು, ಹೆಬ್ಬೆರಳಿನ ತುದಿಯಷ್ಟು. ತಲೆಯ ಹಿಂದೆ ಚರ್ಮದ ಒಂದು ಮಡಿಕೆ ಇರುತ್ತದೆ. ಇವರು ಹೇಳುತ್ತಿರುವುದು ಅಂಗೈ ಮೇಲೆ ಕೂರುವಂಥ, ನುಣ್ಣನೆ ಮೈಯ, ಬೆಕ್ಕಿನ ಕಣ್ಣಿನ ಪ್ರಾಣಿ.

ಕಿವಿಯಿಂದ ಗುರುತು ಹಿಡಿಯುವ ಆಸೆ ಇದ್ದರೆ ಈ ಮಳೆಗಾಲ ಹಬ್ಬ. ಮೆಕ್ಸಿಕನ್ ಸ್ಪೇಡ್‌ಫುಟ್ ಕೂಗಿದರೆ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಗ್ರೇಟ್ ಪ್ಲೇನ್ಸ್ ನೆಲಗಪ್ಪೆ ಕೂಗಿದರೆ ರಸ್ತೆ ಅಗೆಯುವ ಯಂತ್ರ ಶುರು ಮಾಡಿದ ಹಾಗೆ, ಪಕ್ಕದಲ್ಲಿ ನಿಂತವರು ಕಿವಿ ಮುಚ್ಚಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡದಾದ ಸೊನೋರಾ ನೆಲಗಪ್ಪೆಯ ಕೂಗು ಮಾತ್ರ ಪಾಪ, ಹತ್ತಿರ ಹೋದರೂ ಸರಿಯಾಗಿ ಕೇಳಿಸುವುದಿಲ್ಲ.

ರಾತ್ರಿಟಾರ್ಚ್ | ಜುಲೈ 15, ಬೆಳಿಗ್ಗೆ 7:48

ಒಪ್ಪಿದೆ. ಬಾಚಣಿಗೆ ಹೋಲಿಕೆ ಓದಿ ಈಗ ಬಾಚಣಿಗೆ ಹಿಡಿದು ಕೂತಿದ್ದೇನೆ. ಹೌದು, ಅದೇ ಸದ್ದು! ಕಳೆದ ವರ್ಷ ಇಡೀ ರಾತ್ರಿ ಕೇಳಿದ್ದು ಇದನ್ನೇ.

ಚಿಟ್ಟುಗುಬ್ಬಿ | ಜುಲೈ 15, ಬೆಳಿಗ್ಗೆ 8:20

ನಮಗೂ ಹೀಗೇ ಆಗಿತ್ತು, ಆದರೆ ಕುರಿ ಅಲ್ಲ, ಕಾರು. ಬೆಳಗಿನ ನಡಿಗೆಯಲ್ಲಿ ಎಲ್ಲೋ ಹತ್ತಿರದಲ್ಲಿ ಯಾರೋ ಕಾರು ಸ್ಟಾರ್ಟ್ ಮಾಡುತ್ತಲೇ ಇದ್ದಾರೆ. ಕರ್ ಕರ್ ಕರ್ ಕರ್. ಎಂಜಿನ್ ಹಿಡಿಯುತ್ತಲೇ ಇಲ್ಲ. ನಮ್ಮ ಯಜಮಾನರು "ಪಾಪ, ಬ್ಯಾಟರಿ ಹೋಗಿದೆ, ತಳ್ಳಿಕೊಡೋಣ ಬಾ" ಅಂತ ದಾರಿ ಬಿಟ್ಟು ಹೊರಟರು. ಹೋದರೆ ರಸ್ತೆಯೇ ಇಲ್ಲ. ಚೋಯಾ ಕಳ್ಳಿಯ ತುದಿಯಲ್ಲಿ ಚುಕ್ಕೆ ಎದೆಯ ಹಕ್ಕಿಯೊಂದು ಕೂತು ಕರ್ ಕರ್ ಅನ್ನುತ್ತಿದೆ. ಕ್ಯಾಕ್ಟಸ್ ರೆನ್! ಅರಿಜೋನಾದ ರಾಜ್ಯಪಕ್ಷಿಯೇ ಅದು. ಬರುವಾಗ ಯಜಮಾನರ ಪ್ಯಾಂಟಿಗೆ ಚೋಯಾದ ಮೂರು ಉಂಡೆ ಅಂಟಿದ್ದವು. ಜನ ಅದನ್ನು ಹಾರುವ ಕಳ್ಳಿ ಅನ್ನುತ್ತಾರೆ. ಹಾರುವುದೇನೂ ಇಲ್ಲ, ಸ್ವಲ್ಪ ಸೋಕಿದರೂ ತುಂಡು ಕಳಚಿಕೊಂಡು ಬಂದುಬಿಡುತ್ತದೆ. ಬೆರಳಿನಿಂದ ಕೀಳಲು ಹೋಗಬೇಡಿ, ಬೆರಳಿಗೆ ಅಂಟುತ್ತದೆ. ಬಾಚಣಿಗೆ ಸಿಕ್ಕಿಸಿ ಒಂದೇ ಸಲ ಎಗರಿಸಬೇಕು. ನೋಡಿ, ಇಲ್ಲೂ ಬಾಚಣಿಗೆ ಬಂತು!

ಮೋಡಕಾಯುವವಳು | ಜುಲೈ 15, ಬೆಳಿಗ್ಗೆ 9:15

ನನ್ನದು ಹೆಜ್ಜೆಗುರುತಿನ ಕಥೆ. ರೋಡ್‌ರನ್ನರ್ ಹಕ್ಕಿಯ ಹೆಜ್ಜೆ ಮರಳಿನ ಮೇಲೆ ಗುಣಾಕಾರದ ಚಿಹ್ನೆಯ ಹಾಗೆ ಬೀಳುತ್ತದೆ. ಎರಡು ಬೆರಳು ಮುಂದೆ, ಎರಡು ಹಿಂದೆ. ಅರ್ಧ ಗಂಟೆ ಬಗ್ಗಿ ಬಗ್ಗಿ ಹಿಂಬಾಲಿಸಿದೆ. ಸೊಂಟ ನೋವು ಬಂದು ನೆಟ್ಟಗಾಗಿ ಹಿಂತಿರುಗಿದರೆ ಹಕ್ಕಿ ನನ್ನ ಹಿಂದೆ ನಿಂತು ಬಾಲ ಕುಣಿಸುತ್ತಿದೆ! ಆ ಗುರುತು ನೋಡಿ ಯಾವ ಕಡೆ ಹೋಗಿದೆ ಅಂತ ಹೇಳಲು ಆಗುವುದೇ ಇಲ್ಲ. ಅಮೆರಿಕದ ನೈಋತ್ಯ ಭಾಗದ ಮೂಲನಿವಾಸಿಗಳಾದ ಪ್ಯೂಬ್ಲೊ ಜನ ಹಿಂದೆ ಇದೇ ಚಿಹ್ನೆಯನ್ನು ಕೆಟ್ಟ ಶಕ್ತಿಗಳಿಗೆ ದಾರಿ ತಪ್ಪಿಸಲು ಬಳಸುತ್ತಿದ್ದರು. ನನಗೆ ಅವರ ಜಾಣತನ ಅವತ್ತು ಅರ್ಥ ಆಯಿತು.

ರಾತ್ರಿಟಾರ್ಚ್ | ಜುಲೈ 15, ಬೆಳಿಗ್ಗೆ 9:40

ಪ್ಯಾಕ್‌ರ್‍ಯಾಟ್ ಇಲಿ ನನ್ನ ಚಮಚ ಒಯ್ದು ಆ ಜಾಗದಲ್ಲಿ ಚೋಯಾ ತುಂಡು ಇಟ್ಟು ಹೋಗಿತ್ತು. ಹೊಳೆಯುವುದು ಕಂಡರೆ ಬಾಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಇದನ್ನು ಕಚ್ಚಿಕೊಂಡು ಹೋಗುತ್ತದೆ. ವ್ಯಾಪಾರ ಮುಗಿಯಿತು.

ಅಂಕುಡೊಂಕು | ಜುಲೈ 15, ಮಧ್ಯಾಹ್ನ 12:10

ಎಲ್ಲರೂ ನಗುತ್ತಿದ್ದೀರಿ, ನಾನೂ ನಕ್ಕೆ. ಆದರೆ ಒಂದು ಮಾತು ಹೇಳಲೇಬೇಕು. ಮಳೆ ಬಂದ ಸಂಜೆ ಹಳ್ಳದ ಹತ್ತಿರ ಹೋಗುವಾಗ ದಯವಿಟ್ಟು ಜೋಪಾನ. ನಿಮ್ಮ ತಲೆ ಮೇಲೆ ನಕ್ಷತ್ರ ಕಾಣುತ್ತಿರಬಹುದು. ಹತ್ತಾರು ಮೈಲಿ ದೂರದ ಗುಡ್ಡದಲ್ಲಿ ಸುರಿದ ಮಳೆ ಆ ಒಣ ಹಳ್ಳದಲ್ಲಿ ಗೋಡೆಯ ಹಾಗೆ ನುಗ್ಗಿ ಬರುತ್ತದೆ. ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಮೊದಲು ಸದ್ದು, ಆಮೇಲೆ ಕಡ್ಡಿಕಸ ಉರುಳಿಸಿಕೊಂಡು ಬಂದ ಕೆಂಪು ನೀರು. ಅಂಥ ರಾತ್ರಿ ಹಾವುಗಳೂ ಹೊರಗೆ ಬಂದಿರುತ್ತವೆ. ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ.

ಬಿಸಿಲುನಡಿಗೆ | ಜುಲೈ 15, ಸಂಜೆ 6:30

ಸರಿಯಾದ ಮಾತು ಸರ್. ನಾವು ದಂಡೆಯಿಂದ ಕೆಳಗೆ ಇಳಿಯಲಿಲ್ಲ. ಹೊಂಡ ಇರುವುದು ಹಳ್ಳದ ಪಕ್ಕದ ತಗ್ಗಿನಲ್ಲಿ, ಹರಿಯುವ ಜಾಗದಲ್ಲಿ ಅಲ್ಲ.

ಒಣಹಳ್ಳ ಅವರೇ, ನೀವು ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. "ಹಾಗಾದರೆ ನಾನು ಅವುಗಳ ತಲೆ ಮೇಲೇ ನಡೆದುಕೊಂಡು ಹೋಗುತ್ತಿದ್ದೆನಾ?" ಅಂತ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಹಟ ಹಿಡಿದಳು, ಇವತ್ತೂ ಹೋಗೋಣ ಅಂತ. ಹೋದೆವು. ಕುರಿ ಒಂದೂ ಇಲ್ಲ! ಹೊಂಡ ಹಾಗೇ ಇದೆ, ಸದ್ದಿಲ್ಲ. ಆದರೆ ನೀರಲ್ಲಿ ಮುಳುಗಿದ ಹುಲ್ಲಿನ ಕಡ್ಡಿಗಳಿಗೆ ಲೋಳೆಯಂಥದ್ದು ಅಂಟಿದೆ. ಅದರೊಳಗೆ ಕಪ್ಪು ಚುಕ್ಕೆಗಳು. ಕೆಲವು ಚುಕ್ಕೆಗಳು ಆಗಲೇ ಅಲುಗಾಡುತ್ತಿವೆ. ಒಂದೇ ದಿನಕ್ಕೆ ಮೊಟ್ಟೆ ಒಡೆಯುತ್ತದಾ?

ಒಣಹಳ್ಳ | ಜುಲೈ 15, ರಾತ್ರಿ 8:00

ಒಡೆಯುತ್ತದೆ. ನೀರು ಬೆಚ್ಚಗಿದ್ದರೆ 15 ಗಂಟೆಯೂ ಸಾಕು. ನೆನ್ನೆ ರಾತ್ರಿ ನೀವು ಕೇಳಿದ್ದು ಮದುವೆ ಮನೆಯ ಗದ್ದಲ. ಹೆಚ್ಚಾಗಿ ಮಳೆಯ ಮೊದಲ ರಾತ್ರಿಯೇ ಎಲ್ಲ ಮುಗಿದುಹೋಗುತ್ತದೆ. ಒಂದು ಹೆಣ್ಣು 3,000 ಮೊಟ್ಟೆಗಳ ತನಕ ಇಡಬಲ್ಲದು. ಆಮೇಲೆ ದೊಡ್ಡವು ಊಟಕ್ಕೆ ಹೋಗುತ್ತವೆ. ಅದೇ ಮಳೆಗೆ ರೆಕ್ಕೆ ಬಂದ ಗೆದ್ದಲೂ ನೆಲದಿಂದ ಏಳುತ್ತವಲ್ಲ, ಅವೇ ಇವುಗಳ ಊಟ. ಒಂದು ಸಲ ಹೊಟ್ಟೆ ಬಿರಿಯ ತಿಂದರೆ ವರ್ಷಕ್ಕೆ ಸಾಕು ಅಂತ ಲೆಕ್ಕ ಹಾಕಿದ್ದಾರೆ. ತಿಂದು ಮತ್ತೆ ನೆಲದೊಳಗೆ.

ಇನ್ನು ಓಟ ಮರಿಗಳದ್ದು. ಹೊಂಡ ಬತ್ತುವುದರೊಳಗೆ ಗೊದಮೊಟ್ಟೆಗೆ ಕಾಲು ಬಂದು, ಶ್ವಾಸಕೋಶ ಬಂದು, ಹೊರಗೆ ಜಿಗಿಯಬೇಕು. ಬೇರೆ ಎಷ್ಟೋ ಕಪ್ಪೆಗಳಿಗೆ ಇದಕ್ಕೆ ತಿಂಗಳುಗಳೇ ಬೇಕು. ಇವು 9 ದಿನದಲ್ಲೂ ಮುಗಿಸಬಲ್ಲವು. ಸಾಮಾನ್ಯವಾಗಿ ಎರಡು ವಾರದೊಳಗೆ. ನಿಮ್ಮ ಹೊಂಡ ಎಷ್ಟು ಆಳ ಇದೆ?

ಬಿಸಿಲುನಡಿಗೆ | ಜುಲೈ 15, ರಾತ್ರಿ 8:12

ನಡುವೆ ಒಂದು ಗೇಣು. ಅಂಚಿನಲ್ಲಿ ಬೆರಳು ಮುಳುಗುವಷ್ಟು.

ಒಣಹಳ್ಳ | ಜುಲೈ 15, ರಾತ್ರಿ 8:15

ಹ್ಮ್. ಮೋಡ ನೋಡುತ್ತಿರಿ.

ಕಳ್ಳಿಹೂವು | ಜುಲೈ 16, ಬೆಳಿಗ್ಗೆ 10:30

ಈ ಹೆಸರಿನಲ್ಲಿರುವ ಕೌಚ್ ಯಾರು ಅಂತ ಹುಡುಕಿದೆ. ಡೇರಿಯಸ್ ಕೌಚ್ ಅಂತ ಅಮೆರಿಕದ ಸೇನಾಧಿಕಾರಿ. 1853ರಲ್ಲಿ ಸೇನೆಯಿಂದ ರಜೆ ಹಾಕಿ ಉತ್ತರ ಮೆಕ್ಸಿಕೋದಲ್ಲಿ ಪ್ರಾಣಿಗಳನ್ನು ಸಂಗ್ರಹಿಸಲು ಹೋಗಿದ್ದನಂತೆ. ಮರುವರ್ಷವೇ ಈ ಕಪ್ಪೆಗೆ ಅವನ ಹೆಸರು ಬಂತು. ಆಮೇಲೆ ಅಂತರ್ಯುದ್ಧದಲ್ಲಿ ದೊಡ್ಡ ಜನರಲ್ ಆದ. ರಜೆ ಹಾಕಿ ಕಪ್ಪೆ ಹುಡುಕಲು ಹೋದವನ ಮೇಲೆ ನನಗೆ ತುಂಬ ಪ್ರೀತಿ ಬಂತು.

ಬಿಸಿಲುನಡಿಗೆ | ಜುಲೈ 19, ರಾತ್ರಿ 9:00

ಐದನೇ ದಿನ. ಮಳೆ ಇಲ್ಲ. ಹೊಂಡ ಅರ್ಧ ಆಗಿದೆ. ನೀರು ಮುಟ್ಟಿದರೆ ಬಿಸಿ. ಗೊದಮೊಟ್ಟೆಗಳು ಎಣಿಸಲು ಆಗದಷ್ಟು ಇವೆ. ಕೆಸರಿನಲ್ಲಿ ಬಾಯಿಟ್ಟು ಒಂದೇ ಸಮನೆ ತಿನ್ನುತ್ತಿವೆ. ಕೆಲವಕ್ಕೆ ಬಾಲದ ಬುಡದಲ್ಲಿ ಕಡ್ಡಿಯಂಥ ಹಿಂಗಾಲು ಮೂಡಿದೆ. ಅಕ್ಕ ಮೊಣಕಾಲೂರಿ ಕೂತು ಒಂದೊಂದನ್ನೂ "ಬೇಗ ಬೇಗ" ಅಂತ ಹುರಿದುಂಬಿಸುತ್ತಿದ್ದಾಳೆ.

ನಾಳೆ ಅಕ್ಕ ಹೊರಡುತ್ತಾಳೆ. ದಿನಾ ಸುದ್ದಿ ಕೊಡಬೇಕು ಅಂತ ಅಪ್ಪಣೆ ಆಗಿದೆ.

ನನ್ನ ಪ್ರಶ್ನೆ: ಕ್ಯಾನಿನಲ್ಲಿ ನೀರು ಹೊತ್ತುಕೊಂಡು ಹೋಗಿ ಹೊಂಡಕ್ಕೆ ಸುರಿಯಲಾ? ದಾರಿಯಿಂದ ಬರೀ ಇಪ್ಪತ್ತು ನಿಮಿಷದ ನಡಿಗೆ.

ಚಿಟ್ಟುಗುಬ್ಬಿ | ಜುಲೈ 19, ರಾತ್ರಿ 9:10

ಸುರಿಯಿರಿ, ಇದರಲ್ಲಿ ಕೇಳುವುದೇನಿದೆ! ಹತ್ತಿರ ಇದ್ದಿದ್ದರೆ ನಾನೂ ಎರಡು ಕ್ಯಾನ್ ತರುತ್ತಿದ್ದೆ.

ರಾತ್ರಿಟಾರ್ಚ್ | ಜುಲೈ 19, ರಾತ್ರಿ 9:25

ಬೇಡ ಬೇಡ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಗೊದಮೊಟ್ಟೆಗೆ ಅದು ವಿಷ.

ಚಿಟ್ಟುಗುಬ್ಬಿ | ಜುಲೈ 19, ರಾತ್ರಿ 9:31

ಹಾಗಾದರೆ ಒಂದಿಷ್ಟನ್ನು ಬಕೆಟ್‌ನಲ್ಲಿ ಹಿಡಿದು ದೊಡ್ಡ ಹೊಂಡಕ್ಕೆ ಬಿಡಬಹುದಲ್ವಾ? ಕಣ್ಣೆದುರಿಗೇ ಸಾಯುವುದನ್ನು ನೋಡಿಕೊಂಡು ನಿಲ್ಲುವುದು ಹೇಗೆ?

ಒಣಹಳ್ಳ | ಜುಲೈ 19, ರಾತ್ರಿ 10:20

ನಿಮ್ಮ ಸಂಕಟ ನನಗೆ ಅರ್ಥ ಆಗುತ್ತದೆ. ಹತ್ತು ವರ್ಷದ ಹಿಂದೆ ನಾನೂ ಬಕೆಟ್ ಹಿಡಿದು ನಿಂತಿದ್ದೆ. ಈಗ ಬೇಡ ಅನ್ನುತ್ತೇನೆ, ಕಾರಣ ಹೇಳುತ್ತೇನೆ.

ಒಂದು ಹೊಂಡದ ನೀರು, ಕೆಸರು, ಮರಿ ಇನ್ನೊಂದು ಹೊಂಡಕ್ಕೆ ಹೋದರೆ ರೋಗವೂ ಹೋಗುತ್ತದೆ. ಕಪ್ಪೆಗಳ ಚರ್ಮಕ್ಕೆ ಬರುವ ಕೈಟ್ರಿಡ್ ಅನ್ನುವ ಶಿಲೀಂಧ್ರ ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಮುಗಿಸಿಬಿಟ್ಟಿದೆ. ನಮ್ಮ ಬಕೆಟ್, ನಮ್ಮ ಶೂ ಅದಕ್ಕೆ ವಾಹನ ಆಗಬಹುದು. ಎರಡನೆಯದು, ಆ ಹೊಂಡದಲ್ಲಿ ಇವು ಮಾತ್ರ ಇಲ್ಲ. ನೆಲದಲ್ಲಿ ವರ್ಷಗಟ್ಟಲೆ ಒಣಗಿ ಕೂತ ಮೊಟ್ಟೆಗಳಿಂದ ಹುಟ್ಟಿದ ಪುಟ್ಟ ಸೀಗಡಿಗಳಿರುತ್ತವೆ. ಅವಕ್ಕೆ ಹೊಂಡ ತುಂಬುವುದೂ ಬೇಕು, ಒಣಗುವುದೂ ಬೇಕು. ಹೊಂಡ ಒಣಗುತ್ತದೆ ಅನ್ನುವುದಕ್ಕೇ ಅಲ್ಲಿ ಮೀನಿಲ್ಲ. ಮೀನಿದ್ದಿದ್ದರೆ ಈ ಮರಿಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಮತ್ತೆ ದೊಡ್ಡವು ಹೆಚ್ಚು ಕಾಲ ಬದುಕುತ್ತವೆ. ಈ ವರ್ಷದ ಹೊಂಡ ಕೈಕೊಟ್ಟರೂ ಅವು ಮುಂದಿನ ಗುಡುಗಿಗೆ ಮತ್ತೆ ಏಳುತ್ತವೆ.

ಕಪ್ಪೆಗಳನ್ನು ಕೈಯಲ್ಲಿ ಹಿಡಿಯಲೂ ಬೇಡಿ. ಇವುಗಳ ಮೈಯ ಲೋಳೆ ತಗುಲಿದರೆ ಕೆಲವರಿಗೆ ಒಂದೇ ಸಮನೆ ಸೀನು, ಕಣ್ಣುರಿ ಬರುತ್ತದೆ. ಜೊತೆಗೆ ನಾಯಿ ಇದ್ದರೆ ಇನ್ನೂ ಎಚ್ಚರ. ಇವಲ್ಲ, ಆದರೆ ಅದೇ ರಾತ್ರಿ ಓಡಾಡುವ ದೊಡ್ಡ ಸೊನೋರಾ ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡರೆ ನಾಯಿ ಸಾಯಲೂಬಹುದು.

ಚಿಟ್ಟುಗುಬ್ಬಿ | ಜುಲೈ 19, ರಾತ್ರಿ 10:34

ರೋಗದ ವಿಷಯ ನನಗೆ ಹೊಳೆದೇ ಇರಲಿಲ್ಲ. ಬಕೆಟ್ ಮಾತು ವಾಪಸ್ ತಗೊಂಡೆ. ಮಳೆ ಬರಲಿ ಅಂತ ಕೇಳಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ ತಾನೆ?

ಬಿಸಿಲುನಡಿಗೆ | ಜುಲೈ 22, ರಾತ್ರಿ 8:50

ಎಂಟನೇ ದಿನ. ಸಂಜೆ ದೊಡ್ಡ ಮೋಡ ಎದ್ದಿತು. ದೂಳು, ಗಾಳಿ, ಎರಡು ಗುಡುಗು. ಬಿದ್ದಿದ್ದು ಹತ್ತು ಹನಿ. ಎಣಿಸಬಹುದಿತ್ತು.

ಹೊಂಡ ಈಗ ಎರಡು ಭಾಗ ಆಗಿದೆ. ಪೂರ್ವದ ಕಡೆಯದ್ದು ಬಟಾಬಯಲು. ಅಲ್ಲಿ ನೀರಿಲ್ಲ. ಕಪ್ಪು ಹೊಪ್ಪಳೆಯ ಹಾಗೆ ಒಂದು ಪದರ ಇತ್ತು, ಹತ್ತಿರ ಹೋದಾಗ ಅದೇನು ಅಂತ ಗೊತ್ತಾಯಿತು. ಅದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಇರುವೆಗಳು ಸಾಲು ಹಿಡಿದಿದ್ದವು.

ಪಶ್ಚಿಮದ ಕಡೆಯದ್ದು ಪಾಲೊ ವರ್ಡೆ ಮರದ ನೆರಳಿನಲ್ಲಿದೆ. ಊಟದ ತಟ್ಟೆ ನಾಲ್ಕು ಇಟ್ಟರೆ ಮುಚ್ಚಿಹೋಗುವಷ್ಟು ನೀರು. ಅದರಲ್ಲಿ ನೀರಿಗಿಂತ ಮರಿಗಳೇ ಜಾಸ್ತಿ. ಆದರೆ ಮುಂಗಾಲು ಬಂದಿದೆ! ಎಷ್ಟೋ ಮರಿಗಳಿಗೆ ನಾಲ್ಕೂ ಕಾಲಿವೆ. ಬಾಲ ಇನ್ನೂ ಉದ್ದ ಇದೆ, ಬಾಯಿ ಮಾತ್ರ ಕಪ್ಪೆಯದ್ದು. ಅಕ್ಕನಿಗೆ ಫೋಟೋ ಕಳಿಸಿದೆ. "ಎಷ್ಟು ನೀರಿದೆ ಅಂತ ಅಳೆದು ಹೇಳು" ಅಂದಳು. ಕಡ್ಡಿ ಇಟ್ಟು ನೋಡಿದೆ. ಎರಡು ಬೆರಳು.

ಅಂಕುಡೊಂಕು | ಜುಲೈ 22, ರಾತ್ರಿ 9:05

ನೆರಳು ಇದೆಯಲ್ಲ. ನಾಳೆ ಒಂದು ದಿನ ತಡೆದರೆ ಸಾಕು.

ಮೋಡಕಾಯುವವಳು | ಜುಲೈ 23, ಮಧ್ಯಾಹ್ನ 2:15

ಯಾರಾದರೂ ಸುದ್ದಿ ಹೇಳಿ. ಆಫೀಸಿನಲ್ಲಿ ಕೆಲಸ ಸಾಗುತ್ತಿಲ್ಲ.

ಬಿಸಿಲುನಡಿಗೆ | ಜುಲೈ 24, ಬೆಳಿಗ್ಗೆ 6:40

ನೆನ್ನೆ ರಾತ್ರಿ ಅಲ್ಲೇ ಇದ್ದೆ. ಹತ್ತು ಗಂಟೆಗೆ ತಲುಪಿದಾಗ ನೀರು ಒಂದು ಬೆರಳಿಗೆ ಇಳಿದಿತ್ತು. ಹೊಂಡದ ಅಂಚಿನ ಕೆಸರು ಸಣ್ಣಗೆ ಮಿಸುಕುತ್ತಿದೆ ಅನ್ನಿಸಿತು. ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಂಡು ಬಗ್ಗಿ ನೋಡಿದೆ. ಕೆಸರಲ್ಲ, ಮರಿಗಳು! ಕಿರುಬೆರಳ ಉಗುರಿನಷ್ಟು ಒಂದೊಂದು. ಹಿಂದೆ ಬಾಲದ ತುಂಡು ಇನ್ನೂ ಅಂಟಿಕೊಂಡಿದೆ. ಒಂದು ಜಿಗಿತ, ನಿಲ್ಲುವುದು, ಮತ್ತೊಂದು ಜಿಗಿತ. ಕೆಸರು ಬಿರಿದ ಸಂದುಗಳಲ್ಲಿ ತೂರಿಕೊಳ್ಳುತ್ತಿದ್ದವು. ಒಂದು ನನ್ನ ಶೂವಿನ ದಾರದ ಮೇಲೆ ಹತ್ತಿತು. ಅದು ಇಳಿದು ಹೋಗುವ ತನಕ ನಾನು ಕಾಲು ಕದಲಿಸಲಿಲ್ಲ. ಕಾಲು ಮರಗಟ್ಟಿತು. ಪರವಾಗಿಲ್ಲ.

ನೂರರ ತನಕ ಎಣಿಸಿ ಬಿಟ್ಟೆ. ನೀರಿನಲ್ಲಿ ಇನ್ನೂ ಉಳಿದವು ಇವೆ, ಅವಕ್ಕೆ ಇವತ್ತಿನ ದಿನ ಮಾತ್ರ.

ಚಿಟ್ಟುಗುಬ್ಬಿ | ಜುಲೈ 24, ಬೆಳಿಗ್ಗೆ 6:48

ಅಯ್ಯೋ ನನ್ನಪ್ಪಾ! ಕಣ್ಣು ತುಂಬಿ ಬಂತು.

ರಾತ್ರಿಟಾರ್ಚ್ | ಜುಲೈ 24, ಬೆಳಿಗ್ಗೆ 7:02

ಮೊಟ್ಟೆ ಇಟ್ಟಿದ್ದು 14ರ ರಾತ್ರಿ. ಹೊರಗೆ ಬಂದಿದ್ದು 23ರ ರಾತ್ರಿ. ಒಂಬತ್ತೇ ದಿನ! ಪಾಲೊ ವರ್ಡೆ ಮರಕ್ಕೆ ನಮಸ್ಕಾರ.

ಒಣಹಳ್ಳ | ಜುಲೈ 24, ಬೆಳಿಗ್ಗೆ 7:30

ಕೆಂಪು ಹಾಳೆ ಕಟ್ಟಿಕೊಂಡು ಹೋಗಿದ್ದಕ್ಕೆ, ಕಾಲು ಕದಲಿಸದೇ ಇದ್ದದ್ದಕ್ಕೆ ತುಂಬ ಧನ್ಯವಾದ. ಆ ಬಿರುಕುಗಳೇ ಈಗ ಅವುಗಳ ಮನೆ. ಒಳಗೆ ಸ್ವಲ್ಪ ತಂಪು, ಸ್ವಲ್ಪ ತೇವ. ಇನ್ನು ಕೆಲವು ದಿನ ಆ ಒಣಗಿದ ಹೊಂಡದ ಮೇಲೆ ಯಾರೂ ಕಾಲಿಡದ ಹಾಗೆ ನೋಡಿಕೊಳ್ಳಿ. ಇವುಗಳಲ್ಲಿ ದೊಡ್ಡವಾಗುವುದು ಕೆಲವೇ ಕೆಲವು. ಸಿಕ್ಕಷ್ಟು ಹುಳ ತಿಂದು ಮೈ ತುಂಬಿಸಿಕೊಂಡು, ಮಳೆಗಾಲ ಮುಗಿಯುವುದರೊಳಗೆ ನೆಲಕ್ಕೆ ಇಳಿಯಬೇಕು.

ಬಂಡೆಮೇಲೆಕೂತವಳು | ಜುಲೈ 25, ರಾತ್ರಿ 9:20

ನಮಸ್ಕಾರ. ಈ ಹೆಸರು ನೋಡಿದರೆ ಯಾರು ಅಂತ ಗೊತ್ತಾಗಿರಬೇಕು. ನಾನೇ ಅಕ್ಕ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು.

ತಮ್ಮ ಚೆನ್ನಾಗಿ ಬರೆದಿದ್ದಾನೆ, ಆದರೆ ಒಂದು ವಿಷಯ ಬಿಟ್ಟಿದ್ದಾನೆ. ಅವತ್ತು ದಂಡೆ ಮೇಲೆ ಹೋಗುವಾಗ ನಾನು "ಬಾ, ಬಾ, ಬಾ" ಅಂತ ಕರೆಯುತ್ತಾ ಹೋಗಿದ್ದೆ. ಕುರಿಮರಿಗೆ ಧೈರ್ಯ ಬರಲಿ ಅಂತ. ನಾನು ಕರೆದ ಪ್ರತಿ ಸಲವೂ ಆ ಕಡೆಯಿಂದ ಬ್ಯಾ ಅಂತ ಉತ್ತರ ಬರುತ್ತಿತ್ತು! ಅಷ್ಟು ಹೊತ್ತು ನಾನು ಯಾರ ಹತ್ತಿರ ಮಾತಾಡಿದೆ ಅಂತ ನೆನೆಸಿಕೊಂಡರೆ ಈಗಲೂ ನಗು ತಡೆಯಲು ಆಗುವುದಿಲ್ಲ.

ಆ ಮರಿ ಅವನ ಶೂ ಹತ್ತಿದಾಗ ಅವನು ನನಗೆ ಫೋನ್ ಮಾಡಿದ್ದ. ಜೋರಾಗಿ ಮಾತಾಡಲಿಲ್ಲ. "ಅಕ್ಕ, ಬಂದವು" ಅಂದ, ಅಷ್ಟೇ. ನಾನಿಲ್ಲಿ ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ಹೊಡೆದೆ.

ಮುಂದಿನ ವರ್ಷ ಮತ್ತೆ ಬರಬೇಕು ಅಂತಿದ್ದೇನೆ. ಮೊದಲ ಗುಡುಗಿನ ದಿನಕ್ಕೇ ಸರಿಯಾಗಿ. ಯಾವ ತಾರೀಕಿಗೆ ಬುಕ್ ಮಾಡಲಿ ಹೇಳಿ.

ಒಣಹಳ್ಳ | ಜುಲೈ 25, ರಾತ್ರಿ 9:45

ಬನ್ನಿ ಅಕ್ಕ. 2008ರಿಂದ ಹವಾಮಾನ ಇಲಾಖೆಯವರು ಇಲ್ಲಿನ ಮಳೆಗಾಲ ಜೂನ್ 15ರಿಂದ ಸೆಪ್ಟೆಂಬರ್ 30 ಅಂತ ಇಟ್ಟುಕೊಂಡಿದ್ದಾರೆ. ಗುಡುಗು ಹಾಗೆ ತಾರೀಕು ಕೊಟ್ಟು ಬರುವುದಿಲ್ಲ. ಹೆಚ್ಚಾಗಿ ಜುಲೈ ಮೊದಲ ವಾರದ ಹೊತ್ತಿಗೆ ಶುರುವಾಗುತ್ತದೆ. ಜುಲೈ ಪೂರ್ತಿ ಇರುವ ಹಾಗೆ ಬನ್ನಿ.

ಬಂಡೆಮೇಲೆಕೂತವಳು | ಜುಲೈ 25, ರಾತ್ರಿ 9:50

ಪೂರ್ತಿ ತಿಂಗಳು ತಮ್ಮ ಇಟ್ಟುಕೊಳ್ಳುತ್ತಾನಾ ಅಂತ ಕೇಳಬೇಕು.

ಬಿಸಿಲುನಡಿಗೆ | ಜುಲೈ 25, ರಾತ್ರಿ 9:51

ಕೋಣೆ ರೆಡಿ ಇದೆ. ಟಾರ್ಚ್ ಎರಡು ತಗೊಂಡಿದ್ದೇನೆ.